ಸೋರಿಯಾಸಿಸ್‌ಗೆ ತೂಕ ಇಳಿಸುವ ಚುಚ್ಚುಮದ್ದೇ? ಚರ್ಮದ ಕಾಯಿಲೆಗೂ ಬೊಜ್ಜಿಗೂ ಇರುವ ನಂಟು

ಮಧುಮೇಹಕ್ಕೂ ತೂಕ ಇಳಿಸುವುದಕ್ಕೂ ಬಳಸುವ ಚುಚ್ಚುಮದ್ದುಗಳು ಸೋರಿಯಾಸಿಸ್‌ಗೂ ಒಳ್ಳೆಯವಂತೆ ಎಂಬ ಸುದ್ದಿ ಪತ್ರಿಕೆಗಳಲ್ಲೂ ವಾಟ್ಸ್‌ಆ್ಯಪ್‌ನಲ್ಲೂ ಓಡಾಡುತ್ತಿದೆ. ಟಿರ್ಜೆಪಟೈಡ್ ಎಂಬ ಔಷಧ 2025ರ ಮಾರ್ಚ್‌ನಲ್ಲಿ ಮೌಂಜಾರೊ ಎಂಬ ಹೆಸರಿನಲ್ಲಿ ಭಾರತದ ಮಾರುಕಟ್ಟೆಗೆ ಬಂತು. ಇದೇ ಬಗೆಯ ಇನ್ನೊಂದು ಔಷಧವಾದ ಸೆಮಾಗ್ಲುಟೈಡ್‌ನ ಭಾರತೀಯ ಪೇಟೆಂಟ್ 2026ರ ಮಾರ್ಚ್‌ವರೆಗಷ್ಟೇ ಇದ್ದುದರಿಂದ ದೇಶೀಯ ಕಂಪನಿಗಳು ಅಗ್ಗದ ಆವೃತ್ತಿಗಳ ತಯಾರಿಗೆ ಇಳಿದವು. ಇದೇ ಹೊತ್ತಿನಲ್ಲಿ ಟಿರ್ಜೆಪಟೈಡನ್ನು ಸೋರಿಯಾಸಿಸ್‌ನ ಜೈವಿಕ ಔಷಧವೊಂದರ (ಜೀವಕೋಶಗಳಲ್ಲಿ ತಯಾರಿಸುವ ಪ್ರೋಟೀನ್ ಔಷಧ) ಜೊತೆಗೆ ಕೊಟ್ಟು ನೋಡುವ ಪ್ರಯೋಗಗಳೂ ಸುದ್ದಿಯಾದವು.

ಕಾಯಿಲೆ ಇರುವವರಿಗೆ ಇದರಿಂದ ಗೊಂದಲವಾಗುವುದು ಸಹಜ. ಸೋರಿಯಾಸಿಸ್ ಎಂದರೆ ರೋಗನಿರೋಧಕ ವ್ಯವಸ್ಥೆಯ ತೊಂದರೆ ಎಂದು ಚರ್ಮವೈದ್ಯರು ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ಹಾಗಿದ್ದ ಮೇಲೆ ಹಸಿವನ್ನು ತಗ್ಗಿಸುವ ಔಷಧಕ್ಕೆ ಅಲ್ಲೇನು ಕೆಲಸ? ಹಿಂದಿನ ತಿಳಿವಳಿಕೆಯೇ ತಪ್ಪಾಗಿತ್ತೇ? ಈಗಿನ ಮಾತ್ರೆ ಬಿಟ್ಟು ಹೊಸ ಚುಚ್ಚುಮದ್ದಿಗೆ ಹೋಗಬಹುದೇ? ಹಿಂದಿನ ತಿಳಿವಳಿಕೆ ತಪ್ಪಾಗಿರಲಿಲ್ಲ, ಅಪೂರ್ಣವಾಗಿತ್ತು. ಕಾಯಿಲೆಯನ್ನು ಹುಟ್ಟಿಸುವುದು ರೋಗನಿರೋಧಕ ವ್ಯವಸ್ಥೆಯೇ. ಆದರೆ ಅದು ಎಷ್ಟು ಉಲ್ಬಣಿಸುತ್ತದೆ, ಔಷಧಕ್ಕೆ ಎಷ್ಟು ಬಗ್ಗುತ್ತದೆ ಎಂಬುದರಲ್ಲಿ ದೇಹದ ಕೊಬ್ಬು ಮತ್ತು ಸಕ್ಕರೆಯ ನಿರ್ವಹಣೆಗೆ ದೊಡ್ಡ ಪಾಲಿದೆ. ಇಷ್ಟು ಒಪ್ಪಿಕೊಂಡ ಮಾತ್ರಕ್ಕೆ ತೂಕದ ಔಷಧವೇ ಚರ್ಮದ ಔಷಧವೂ ಆಗಿಬಿಡುವುದಿಲ್ಲ.

ಚರ್ಮದಲ್ಲಿ ನಡೆಯುವುದೇನು?

ಆರೋಗ್ಯವಂತ ಚರ್ಮದ ಅತಿ ತಳದಲ್ಲಿ ಹುಟ್ಟಿದ ಕೋಶ ಮೇಲಕ್ಕೆ ಬಂದು ಉದುರಿಹೋಗಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಸೋರಿಯಾಸಿಸ್ ಇರುವ ಜಾಗದಲ್ಲಿ ಈ ಪಯಣ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಪೂರ್ತಿ ಬಲಿಯದ ಕೋಶಗಳು ಮೇಲ್ಮೈಯಲ್ಲಿ ಪದರ ಪದರವಾಗಿ ಕೂತು ಬೆಳ್ಳಿ ಬಣ್ಣದ ಹಕ್ಕಳೆಗಳಾಗುತ್ತವೆ. ಮೊಣಕೈ, ಮಂಡಿ, ನೆತ್ತಿ, ಸೊಂಟದ ಹಿಂಭಾಗ ಇದರ ಸಾಮಾನ್ಯ ತಾಣಗಳು. ಹಕ್ಕಳೆಯನ್ನು ಮೆಲ್ಲಗೆ ಕೆರೆದು ತೆಗೆದರೆ ಸೂಜಿಮೊನೆಯಷ್ಟು ಸಣ್ಣ ರಕ್ತದ ಚುಕ್ಕೆಗಳು ಕಾಣುತ್ತವೆ. ಅಲ್ಲಿ ರಕ್ತದ ಲೋಮನಾಳಗಳು ಹಿಗ್ಗಿ ಮೇಲ್ಮೈಗೆ ತೀರಾ ಹತ್ತಿರ ಬಂದಿರುತ್ತವೆ, ಅವುಗಳ ಮೇಲಿನ ಚರ್ಮ ತೆಳುವಾಗಿರುತ್ತದೆ. ಹಾಗಾಗಿಯೇ ಈ ಚುಕ್ಕೆಗಳು ಮೂಡುತ್ತವೆ.

ಈ ಅವಸರ ಚರ್ಮದ ಕೋಶಗಳ ಸ್ವಂತ ನಿರ್ಧಾರವಲ್ಲ. ಚರ್ಮದಲ್ಲಿ ಕಾವಲಿಗಿರುವ ಡೆಂಡ್ರೈಟಿಕ್ ಕೋಶಗಳು ಐಎಲ್-23 ಎಂಬ ಸಂದೇಶವಾಹಕ ಪ್ರೋಟೀನನ್ನು ಬಿಡುಗಡೆ ಮಾಡುತ್ತವೆ. ಅದರ ಪ್ರಚೋದನೆಯಿಂದ ಟಿ ಕೋಶಗಳೆಂಬ ಬಿಳಿ ರಕ್ತಕಣಗಳ ಒಂದು ವರ್ಗ ಐಎಲ್-17 ಮತ್ತು ಐಎಲ್-22 ಎಂಬ ಪ್ರೋಟೀನುಗಳನ್ನು ಸುರಿಸುತ್ತದೆ. ಇವು ಚರ್ಮದ ಕೋಶಗಳನ್ನು ವೇಗವಾಗಿ ವಿಭಜನೆಯಾಗುವಂತೆ ತಳ್ಳುತ್ತವೆ. ಆ ಕೋಶಗಳು ಪ್ರತಿಯಾಗಿ ಇನ್ನಷ್ಟು ಬಿಳಿ ರಕ್ತಕಣಗಳನ್ನು ಅಲ್ಲಿಗೆ ಕರೆಸುವ ರಾಸಾಯನಿಕಗಳನ್ನು ಹೊರಸೂಸುತ್ತವೆ. ಹೀಗೆ ಒಮ್ಮೆ ಆರಂಭವಾದ ಚಕ್ರ ತನ್ನನ್ನು ತಾನೇ ತಿರುಗಿಸಿಕೊಳ್ಳುತ್ತದೆ. ಟಿಎನ್‌ಎಫ್ ಎಂಬ ಇನ್ನೊಂದು ಪ್ರೋಟೀನ್ ಈ ಚಕ್ರದ ಹಲವು ಹಂತಗಳಿಗೆ ಬಲ ಕೊಡುತ್ತದೆ.

ಕಾಯಿಲೆ ವಾಸಿಯಾದಂತೆ ಕಂಡು ಮತ್ತೆ ಅದೇ ಜಾಗದಲ್ಲಿ ಮರಳುವುದಕ್ಕೂ ಕಾರಣವಿದೆ. ಕಲೆ ಮಾಯವಾದ ಮೇಲೂ ನೆನಪುಳ್ಳ ಕೆಲವು ಟಿ ಕೋಶಗಳು ಆ ಚರ್ಮದಲ್ಲೇ ಉಳಿದುಕೊಂಡು, ಮಳೆ ಬಿದ್ದ ಕೂಡಲೇ ಮೊಳೆಯುವ ಕಳೆಬೀಜದಂತೆ, ಗಂಟಲು ಸೋಂಕೋ ಗಾಯವೋ ಮಾನಸಿಕ ಒತ್ತಡವೋ ಬಂದಾಗ ಮತ್ತೆ ಚುರುಕಾಗುತ್ತವೆ.

ನಿರೋಧಕ ವ್ಯವಸ್ಥೆಯ ಪಾತ್ರ ತಿಳಿದ ಬಗೆ

1970ರ ದಶಕದವರೆಗೂ ಇದನ್ನು ಚರ್ಮದ ಕೋಶಗಳದ್ದೇ ದೋಷವೆಂದು ಭಾವಿಸಲಾಗಿತ್ತು. 1979ರಲ್ಲಿ ಸಂಧಿವಾತದ ರೋಗಿಗಳಿಗೆ ಸೈಕ್ಲೋಸ್ಪೋರಿನ್ ಕೊಟ್ಟು ನೋಡುತ್ತಿದ್ದಾಗ, ಅವರಲ್ಲಿ ಸೋರಿಯಾಸಿಸ್ ಇದ್ದವರ ಚರ್ಮ ತಿಳಿಯಾಯಿತೆಂಬ ವರದಿ ಪ್ರಕಟವಾಯಿತು. ಸೈಕ್ಲೋಸ್ಪೋರಿನ್ ಟಿ ಕೋಶಗಳನ್ನು ಹತ್ತಿಕ್ಕುವ ಔಷಧ. ಅದರಿಂದ ಚರ್ಮ ಗುಣವಾಗುತ್ತದೆ ಎಂದರೆ ಟಿ ಕೋಶಗಳೇ ಕಾಯಿಲೆಯ ನಡುವೆ ನಿಂತಿವೆ ಎಂದಾಯಿತು. ನಂತರ ಬಂದ ಔಷಧಗಳು ಈ ತರ್ಕವನ್ನು ಹೆಚ್ಚು ಹೆಚ್ಚು ನಿಖರಗೊಳಿಸಿದವು. ಐಎಲ್-17ನ್ನು ತಡೆಯುವ ಸೆಕುಕಿನುಮ್ಯಾಬ್‌ಗೆ ಅಮೆರಿಕದಲ್ಲಿ 2015ರಲ್ಲಿ ಅನುಮತಿ ದೊರೆಯಿತು. ಐಎಲ್-23ನ್ನು ತಡೆಯುವ ಔಷಧಗಳು ಅದರ ಬೆನ್ನಿಗೇ ಬಂದವು. ಒಂದೇ ಒಂದು ಪ್ರೋಟೀನನ್ನು ತಡೆದರೆ ಬಹಳಷ್ಟು ರೋಗಿಗಳ ಚರ್ಮ ಸಂಪೂರ್ಣವಾಗಿ ಅಥವಾ ಬಹುಮಟ್ಟಿಗೆ ತಿಳಿಯಾಗುತ್ತದೆ ಎಂಬುದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ.

ಈ ಕಥೆಯಲ್ಲಿ ಕರ್ನಾಟಕಕ್ಕೂ ಒಂದು ಪಾಲಿದೆ. ಟಿ ಕೋಶಗಳ ಮೇಲಿನ ಸಿಡಿ6 ಎಂಬ ಪ್ರೋಟೀನಿಗೆ ಅಂಟಿಕೊಳ್ಳುವ ಇಟೊಲಿಝುಮ್ಯಾಬ್ ಔಷಧವನ್ನು ಬೆಂಗಳೂರಿನ ಬಯೋಕಾನ್ ಕಂಪನಿ ಕ್ಯೂಬಾದ ವಿಜ್ಞಾನಿಗಳ ಸಹಯೋಗದಲ್ಲಿ ಬೆಳೆಸಿ, 2013ರಲ್ಲಿ ಸೋರಿಯಾಸಿಸ್‌ಗೆಂದು ಭಾರತದಲ್ಲಿ ಬಿಡುಗಡೆ ಮಾಡಿತು. ಕೋವಿಡ್ ಕಾಲದಲ್ಲಿ ಸುದ್ದಿಯಾದದ್ದೂ ಇದೇ ಔಷಧ.

ಬೊಜ್ಜು ಇದರೊಳಗೆ ಹೇಗೆ ಬರುತ್ತದೆ?

ಕೊಬ್ಬಿನ ಅಂಗಾಂಶವೆಂದರೆ ಸುಮ್ಮನೆ ಕೂಡಿಟ್ಟ ದಾಸ್ತಾನಲ್ಲ. ಹೊಟ್ಟೆಯ ಒಳಗಿನ ಅಂಗಗಳ ಸುತ್ತ ಸೇರುವ ಕೊಬ್ಬು ವಿಶೇಷವಾಗಿ ಚಟುವಟಿಕೆಯದು. ಅಲ್ಲಿನ ಕೋಶಗಳು ತಮ್ಮ ಮಿತಿ ಮೀರಿ ಉಬ್ಬಿದಾಗ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಬಂದು ಸೇರುತ್ತವೆ. ಚರ್ಮದಲ್ಲಿ ತೊಂದರೆ ಮಾಡುವ ಅದೇ ಟಿಎನ್‌ಎಫ್ ಇಲ್ಲಿಂದಲೂ ಹೊರಡುತ್ತದೆ. ಲೆಪ್ಟಿನ್ ಎಂಬ ಹಾರ್ಮೋನು ಏರುತ್ತದೆ, ಅದು ಟಿ ಕೋಶಗಳನ್ನು ಉರಿಯೂತದ ಕಡೆಗೆ ವಾಲಿಸುತ್ತದೆ. ಉರಿಯೂತವನ್ನು ತಗ್ಗಿಸುವ ಅಡಿಪೊನೆಕ್ಟಿನ್ ಇಳಿಯುತ್ತದೆ. ಹೀಗಾಗಿ ಚರ್ಮದಲ್ಲಿ ಮೊದಲೇ ಸೋರಿಯಾಸಿಸ್‌ನ ಒಲವು ಇದ್ದವರಲ್ಲಿ, ದೇಹದ ಇನ್ನೊಂದು ಮೂಲೆಯಿಂದ ಅದೇ ಸಂದೇಶಗಳು ಬಂದು ಸೇರಿಕೊಳ್ಳುತ್ತವೆ.

ಇನ್ಸುಲಿನ್ ಪ್ರತಿರೋಧದ, ಅಂದರೆ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವ ವಿಷಯವನ್ನು ಇದರ ಜೊತೆಗೇ ನೋಡಬೇಕು. ಇನ್ಸುಲಿನ್ ರಕ್ತದ ಸಕ್ಕರೆಗಷ್ಟೇ ಸಂಬಂಧಿಸಿದ್ದಲ್ಲ. ಚರ್ಮದ ಕೋಶ ಸರಿಯಾಗಿ ಬಲಿಯಲೂ ಅದರ ಸೂಚನೆ ಬೇಕು. ಉರಿಯೂತದ ಪ್ರೋಟೀನುಗಳು ಈ ಸೂಚನೆಯನ್ನು ಕೆಡಿಸಿದಾಗ ಕೋಶ ಬಲಿಯುವುದು ನಿಂತು ವಿಭಜನೆ ಮುಂದುವರಿಯುತ್ತದೆ ಎಂದು ಪ್ರಯೋಗಶಾಲೆಯ ಅಧ್ಯಯನಗಳು ತೋರಿಸಿವೆ. ವೇಗವಾಗಿ ವಿಭಜನೆಯಾಗುವ ಕೋಶಕ್ಕೆ ಗ್ಲೂಕೋಸ್ ಕೂಡ ಹೆಚ್ಚು ಬೇಕು. ಗ್ಲೂಕೋಸನ್ನು ಒಳಗೆ ಸಾಗಿಸುವ ಗ್ಲುಟ್1 ಎಂಬ ಪ್ರೋಟೀನನ್ನು ಇಲಿಗಳ ಚರ್ಮದ ಕೋಶಗಳಿಂದ ತೆಗೆದುಹಾಕಿದಾಗ ಸೋರಿಯಾಸಿಸ್ ಮಾದರಿಯ ದಪ್ಪಗಾಗುವಿಕೆ ಕಡಿಮೆಯಾಯಿತೆಂದು 2018ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದರು. ನಿರೋಧಕ ವ್ಯವಸ್ಥೆ ಆಜ್ಞೆ ಕೊಟ್ಟರೂ ಆ ಆಜ್ಞೆ ಜಾರಿಯಾಗಲು ಇಂಧನ ಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಾರಣ ಯಾವುದು, ಪರಿಣಾಮ ಯಾವುದು?

ಸೋರಿಯಾಸಿಸ್ ಇರುವವರಲ್ಲಿ ಬೊಜ್ಜು, ಮಧುಮೇಹ, ರಕ್ತದೊತ್ತಡ, ಕೊಬ್ಬಿನ ಯಕೃತ್ತು ಹೆಚ್ಚು ಎಂಬುದು ಬಹುಕಾಲದಿಂದ ಗೊತ್ತಿದ್ದ ಸಂಗತಿ. ಆದರೆ ಎರಡು ತೊಂದರೆಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವೆನ್ನಲಾಗದು. ಚರ್ಮದ ಕಲೆಗೆ ನಾಚಿ ಈಜು, ಜಿಮ್, ಆಟ ಬಿಟ್ಟವರಿದ್ದಾರೆ, ಕಾಯಿಲೆ ಕೀಲುಗಳಿಗೂ ಹಬ್ಬಿ ನೋವಿನಿಂದ ನಡೆಯಲಾರದವರಿದ್ದಾರೆ, ಖಿನ್ನತೆಗೆ ಇಳಿದವರಿದ್ದಾರೆ. ಇವರೆಲ್ಲರ ತೂಕ ಕಾಯಿಲೆಯ ಪರಿಣಾಮವಾಗಿಯೇ ಏರಿರಬಹುದು.

ಈ ಗಂಟನ್ನು ಬಿಡಿಸಲು ಸಂಶೋಧಕರು ವಂಶವಾಹಿಗಳ ಮೊರೆ ಹೋದರು. ತೂಕ ಏರುವ ಪ್ರವೃತ್ತಿಗೆ ಕಾರಣವಾಗುವ ಜೀನ್ ರೂಪಾಂತರಗಳು ಹುಟ್ಟುವಾಗಲೇ ನಿರ್ಧಾರವಾಗಿರುತ್ತವೆ. ನಂತರ ಬರುವ ಚರ್ಮರೋಗ ಅವನ್ನು ಬದಲಿಸಲಾರದು. ಹಾಗಾಗಿ ಅಂಥ ಜೀನ್‌ಗಳು ಹೆಚ್ಚು ಇರುವವರಲ್ಲಿ ಸೋರಿಯಾಸಿಸ್ ಕೂಡ ಹೆಚ್ಚಿದ್ದರೆ, ಪ್ರಭಾವ ತೂಕದಿಂದ ಚರ್ಮದ ಕಡೆಗೆ ಹರಿಯುತ್ತಿದೆ ಎಂದು ಊಹಿಸಬಹುದು. ಬ್ರಿಟನ್ ಮತ್ತು ನಾರ್ವೆಯ ಜನರ ಮಾಹಿತಿ ಬಳಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೇಹದ ದ್ರವ್ಯರಾಶಿ ಸೂಚ್ಯಂಕ, ಅಂದರೆ ಬಿಎಂಐ, ಒಂದು ಅಂಕ ಏರಿದರೆ ಸೋರಿಯಾಸಿಸ್‌ನ ಸಾಧ್ಯತೆ ಸುಮಾರು 9%ರಷ್ಟು ಹೆಚ್ಚುತ್ತದೆಂದು ಕಂಡುಬಂತು. ಸೋರಿಯಾಸಿಸ್‌ನ ಜೀನ್‌ಗಳಿಂದ ತೂಕ ಏರುತ್ತದೆ ಎಂಬುದಕ್ಕೆ ಮಾತ್ರ ಅಲ್ಲಿ ಪುರಾವೆ ಸಿಗಲಿಲ್ಲ. ಇದು ಯುರೋಪ್ ಮೂಲದವರ ಲೆಕ್ಕ ಎಂಬುದನ್ನು ಮರೆಯಬಾರದು. ಆದರೂ ಬೊಜ್ಜು ಬರೀ ಜೊತೆಗಾರನಲ್ಲ, ಕಾರಣಗಳಲ್ಲಿ ಒಂದು ಎಂಬ ವಾದಕ್ಕೆ ಇದರಷ್ಟು ಬಲವಾದ ಆಧಾರ ಅದಕ್ಕೆ ಮೊದಲು ಇರಲಿಲ್ಲ.

ಇಷ್ಟಾದರೂ ಬೊಜ್ಜಿರುವ ಬಹುಪಾಲು ಜನರಿಗೆ ಸೋರಿಯಾಸಿಸ್ ಬರುವುದಿಲ್ಲ, ತೆಳ್ಳಗಿರುವ ಎಷ್ಟೋ ಜನರಿಗೆ ಬರುತ್ತದೆ. ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಎಚ್‌ಎಲ್‌ಎ-ಸಿ ಜೀನ್‌ನ ಒಂದು ರೂಪ ಈ ಕಾಯಿಲೆಯ ಅತಿ ದೊಡ್ಡ ಆನುವಂಶಿಕ ಅಂಶವಾಗಿ ಇಂದಿಗೂ ಉಳಿದಿದೆ. ‘ದಪ್ಪ ಇದ್ದೀರಿ, ಅದಕ್ಕೇ ಬಂತು’ ಎಂದು ರೋಗಿಯನ್ನು ದೂರುವುದು ವೈಜ್ಞಾನಿಕವಾಗಿಯೂ ತಪ್ಪು, ಮಾನವೀಯವಾಗಿಯೂ ತಪ್ಪು.

ತೂಕ ಇಳಿದರೆ ಚರ್ಮ ತಿಳಿಯಾಗುತ್ತದೆಯೇ?

ಇಲ್ಲಿಂದ ಮುಂದೆ ತಜ್ಞರಲ್ಲೇ ಎರಡು ನಿಲುವುಗಳಿವೆ. ತೂಕ ಇಳಿಸುವುದೇ ಚಿಕಿತ್ಸೆಯ ಭಾಗವಾಗಬೇಕು ಎಂಬುದು ಒಂದು. ಅದು ಒಟ್ಟಾರೆ ಆರೋಗ್ಯಕ್ಕೆ ಒಳ್ಳೆಯದೇ ಹೌದು, ಆದರೆ ಚರ್ಮಕ್ಕೆ ಅದರ ಕೊಡುಗೆ ಸಣ್ಣದು ಎಂಬುದು ಇನ್ನೊಂದು. ಎರಡಕ್ಕೂ ಆಧಾರ ಇದೆ.

ಇಟಲಿಯಲ್ಲಿ 303 ಮಂದಿ ತೂಕ ಹೆಚ್ಚಿದ್ದ ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಔಷಧದ ಜೊತೆ 20 ವಾರ ಆಹಾರ ನಿಯಂತ್ರಣ ಮತ್ತು ವ್ಯಾಯಾಮ ಮಾಡಿದವರ ರೋಗತೀವ್ರತೆ 48%ರಷ್ಟು ಇಳಿಯಿತು. ಬರೀ ಸಲಹೆ ಪಡೆದವರಲ್ಲಿ ಇಳಿಕೆ 25.5%. ಆದರೆ ಡೆನ್ಮಾರ್ಕಿನಲ್ಲಿ 60 ಮಂದಿಯೊಂದಿಗೆ ನಡೆದ, 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಹಾರ ನಿಯಂತ್ರಿಸಿದವರು 16 ವಾರಗಳಲ್ಲಿ ಉಳಿದವರಿಗಿಂತ 15 ಕಿಲೋದಷ್ಟು ಹೆಚ್ಚು ತೂಕ ಕಳೆದುಕೊಂಡರೂ, ಚರ್ಮದ ಅಂಕದಲ್ಲಿ ಕಂಡ ವ್ಯತ್ಯಾಸ ಖಚಿತವೆನ್ನುವಷ್ಟು ದೊಡ್ಡದಾಗಿರಲಿಲ್ಲ. ಅವರ ಜೀವನದ ಗುಣಮಟ್ಟ ಮಾತ್ರ ಸ್ಪಷ್ಟವಾಗಿ ಸುಧಾರಿಸಿತು. ಈ ಚರ್ಮದ ಅಂಕವನ್ನು ಪಾಸಿ ಎನ್ನುತ್ತಾರೆ: ತಲೆ, ಕೈ, ಮುಂಡ, ಕಾಲು ಈ ನಾಲ್ಕು ಭಾಗಗಳಲ್ಲಿ ಕೆಂಪು, ದಪ್ಪ, ಹಕ್ಕಳೆ ಎಷ್ಟಿದೆ, ಎಷ್ಟು ಹರಡಿದೆ ಎಂದು ನೋಡಿ 0ಯಿಂದ 72ರವರೆಗೆ ಕೊಡುವ ಲೆಕ್ಕ.

ಶಸ್ತ್ರಚಿಕಿತ್ಸೆಯ ಅನುಭವ ಇನ್ನಷ್ಟು ಕುತೂಹಲಕರ. ಡೆನ್ಮಾರ್ಕಿನ ರಾಷ್ಟ್ರೀಯ ದಾಖಲೆಗಳನ್ನು ಪರಿಶೀಲಿಸಿದಾಗ, ಆಹಾರದ ಹಾದಿಯನ್ನೇ ಬದಲಿಸುವ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡವರಲ್ಲಿ ಸೋರಿಯಾಸಿಸ್ ಬರುವ ಸಂಭವ ಕಡಿಮೆಯಾಗಿತ್ತು. ಹೊಟ್ಟೆಗೆ ಪಟ್ಟಿ ಬಿಗಿಯುವ ಬ್ಯಾಂಡಿಂಗ್‌ನಲ್ಲಿ ಆ ಪ್ರಯೋಜನ ಕಾಣಲಿಲ್ಲ. ಬೈಪಾಸ್‌ನಿಂದ ತೂಕ ಇಳಿಯುವುದರ ಜೊತೆಗೆ ಕರುಳಿನ ಜಿಎಲ್‌ಪಿ-1 ಹಾರ್ಮೋನು ಕೂಡ ಏರುತ್ತದೆ. ಸೆಮಾಗ್ಲುಟೈಡ್ ಅನುಕರಿಸುವುದು ಇದೇ ಹಾರ್ಮೋನನ್ನು. ಟಿರ್ಜೆಪಟೈಡ್ ಇದರ ಜೊತೆಗೆ ಜಿಐಪಿ ಎಂಬ ಇನ್ನೊಂದನ್ನೂ ಅನುಕರಿಸುತ್ತದೆ. ಹಾಗಾದರೆ ತೂಕದ ಮಾತು ಬದಿಗಿಟ್ಟು, ಈ ಹಾರ್ಮೋನೇ ನೇರವಾಗಿ ಉರಿಯೂತವನ್ನು ತಣಿಸುತ್ತದೆಯೇ ಎಂಬ ಪ್ರಶ್ನೆ ಎದ್ದದ್ದು ಹೀಗೆ.

ಉತ್ತರ ಈವರೆಗೆ ಒಂದೇ ದಿಕ್ಕಿನಲ್ಲಿಲ್ಲ. ಮಧುಮೇಹವೂ ಇದ್ದ ಸೋರಿಯಾಸಿಸ್ ರೋಗಿಗಳಿಗೆ ಜಿಎಲ್‌ಪಿ-1 ಅನುಕರಿಸುವ ಔಷಧ ಕೊಟ್ಟ ಸಣ್ಣ ಪ್ರಯೋಗಗಳಲ್ಲಿ ಚರ್ಮ ಸುಧಾರಿಸಿದೆ. ಆದರೆ ಮಧುಮೇಹವಿಲ್ಲದ, ಬೊಜ್ಜಿದ್ದ 20 ಮಂದಿಗೆ ಡೆನ್ಮಾರ್ಕಿನಲ್ಲಿ 8 ವಾರ ಇದೇ ಬಗೆಯ ಲಿರಾಗ್ಲುಟೈಡ್ ಕೊಟ್ಟಾಗ ತೂಕ ಇಳಿಯಿತು, ಚರ್ಮದಲ್ಲಿ ಔಷಧವಿಲ್ಲದ ಹುಸಿ ಚುಚ್ಚುಮದ್ದು (ಪ್ಲಸೀಬೊ) ಪಡೆದವರಿಗಿಂತ ವ್ಯತ್ಯಾಸ ಕಾಣಲಿಲ್ಲ. 8 ವಾರ ಸಾಲದಿರಬಹುದು, 20 ಜನ ಸಾಲದಿರಬಹುದು. ಅಥವಾ ಪ್ರಯೋಜನ ಇನ್ಸುಲಿನ್ ಪ್ರತಿರೋಧ ಇದ್ದವರಿಗೆ ಮಾತ್ರ ದಕ್ಕುತ್ತಿರಬಹುದು. ಕೊನೆಯ ಊಹೆಗೆ ಒಂದು ಬೆಂಬಲ ಭಾರತದಿಂದಲೇ ಇದೆ. ಚಂಡೀಗಢದ ಪಿಜಿಐ ವೈದ್ಯಕೀಯ ಸಂಸ್ಥೆಯಲ್ಲಿ ಚಯಾಪಚಯದ ತೊಂದರೆಗಳಿದ್ದ ಸೋರಿಯಾಸಿಸ್ ರೋಗಿಗಳಿಗೆ ಪಿಯೊಗ್ಲಿಟಾಜೋನ್, ಮೆಟ್‌ಫಾರ್ಮಿನ್ ಎಂಬ ಮಧುಮೇಹದ ಹಳೆಯ ಅಗ್ಗದ ಮಾತ್ರೆಗಳನ್ನು ಕೊಟ್ಟು ನೋಡಿದಾಗ ಉಪಯೋಗದ ಸೂಚನೆ ಸಿಕ್ಕಿತು. ಪಿಯೊಗ್ಲಿಟಾಜೋನ್ ಸಾಮಾನ್ಯವಾಗಿ ತೂಕವನ್ನು ಏರಿಸುವ ಮಾತ್ರೆ. ಅದು ಚರ್ಮಕ್ಕೆ ನೆರವಾಗುತ್ತದೆ ಎಂದರೆ, ತಕ್ಕಡಿ ತೋರಿಸುವ ಕಿಲೋಗಿಂತ ಇನ್ಸುಲಿನ್‌ಗೆ ದೇಹ ಸ್ಪಂದಿಸುವ ಬಗೆಯೇ ಮುಖ್ಯ ಎಂದು ತಿಳಿಯುವುದು ಹೆಚ್ಚು ಸಮಂಜಸ.

ಹೊಸ ಪ್ರಯೋಗ ಏನನ್ನು ಹೇಳಲಾರದು

ಸುದ್ದಿಗೆ ಕಾರಣವಾದ ‘ಟುಗೆದರ್’ ಪ್ರಯೋಗಗಳನ್ನು ಎಲೈ ಲಿಲ್ಲಿ ಕಂಪನಿ ನಡೆಸಿದೆ. ಐಎಲ್-17ನ್ನು ತಡೆಯುವ ಇಕ್ಸೆಕಿಝುಮ್ಯಾಬ್ ಒಂದನ್ನೇ ಒಂದು ಗುಂಪಿಗೆ, ಅದರ ಜೊತೆ ಟಿರ್ಜೆಪಟೈಡನ್ನೂ ಇನ್ನೊಂದು ಗುಂಪಿಗೆ ಕೊಡುವುದು ಇದರ ವಿನ್ಯಾಸ. ಎರಡು ಔಷಧಗಳೂ ಇದೇ ಕಂಪನಿಯವು. ಸೇರಿದವರೆಲ್ಲರೂ ಬೊಜ್ಜು ಅಥವಾ ಅಧಿಕ ತೂಕದ ತೊಂದರೆ ಇದ್ದವರು. ಯಾರಿಗೆ ಯಾವುದು ಸಿಗುತ್ತಿದೆ ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿತ್ತು.

ಟಿರ್ಜೆಪಟೈಡ್ ಮಾತ್ರ ಪಡೆದ ಮೂರನೆಯ ಗುಂಪು ಇದರಲ್ಲಿ ಇಲ್ಲ. ಆದ್ದರಿಂದ ಈ ಪ್ರಯೋಗಗಳು ಎಷ್ಟೇ ಒಳ್ಳೆಯ ಫಲಿತಾಂಶ ಕೊಟ್ಟರೂ, ‘ನಿರೋಧಕ ಔಷಧದ ಜೊತೆಗೆ ತೂಕದ ಔಷಧ ಸೇರಿಸಿದರೆ ಲಾಭವಿದೆ’ ಎಂದಷ್ಟೇ ಹೇಳಬಲ್ಲವು. ‘ತೂಕದ ಔಷಧವೇ ಸಾಕು’ ಎಂದು ಹೇಳಲಾರವು. ತೆಳ್ಳಗಿರುವ ರೋಗಿಗಳ ಬಗ್ಗೆ ಇವು ಏನನ್ನೂ ಹೇಳಲಾರವು. ಮುಖ್ಯ ಗುರಿಯಲ್ಲೇ ಚರ್ಮದ ಅಥವಾ ಕೀಲಿನ ಸುಧಾರಣೆಯ ಜೊತೆ ತೂಕದ ಇಳಿಕೆಯನ್ನೂ ಸೇರಿಸಿರುವುದರಿಂದ, ಎರಡು ಗುಂಪುಗಳ ನಡುವಿನ ಅಂತರದಲ್ಲಿ ಬರೀ ಚರ್ಮದ ಪಾಲೆಷ್ಟು ಎಂದು ಬಿಡಿಸಿ ನೋಡಬೇಕು. ತಲೆಬರಹಗಳಲ್ಲಿ ಕಳೆದುಹೋಗುವುದು ಈ ವಿವರಗಳೇ.

ಹೃದಯದ ಕಡೆಗೆ

ಈ ಚರ್ಚೆ ಚರ್ಮಕ್ಕೆ ನಿಲ್ಲುವುದಿಲ್ಲ. ಬ್ರಿಟನ್ನಿನ ವೈದ್ಯಕೀಯ ದಾಖಲೆಗಳನ್ನು ಆಧರಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೀವ್ರ ಸೋರಿಯಾಸಿಸ್ ಇರುವ 30 ವರ್ಷದವರಿಗೆ ಹೃದಯಾಘಾತದ ಸಂಭವ ಅದೇ ವಯಸ್ಸಿನ ಇತರರಿಗಿಂತ ಸುಮಾರು ಮೂರು ಪಟ್ಟು ಹೆಚ್ಚೆಂದು ಕಂಡಿತು. ರಕ್ತದೊತ್ತಡ, ಮಧುಮೇಹ, ಧೂಮಪಾನದಂಥ ಅಂಶಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅಂತರ ಉಳಿಯಿತು. ಆ ವಯಸ್ಸಿನಲ್ಲಿ ಹೃದಯಾಘಾತವೇ ಅಪರೂಪವಾದ್ದರಿಂದ ಮೂರು ಪಟ್ಟು ಎಂದರೂ ಒಟ್ಟು ಸಂಖ್ಯೆ ಸಣ್ಣದೇ. ಉರಿಯೂತ ತಗ್ಗಿಸಿದರೆ ಹೃದಯಕ್ಕೂ ರಕ್ಷಣೆ ಸಿಗಬೇಕಲ್ಲವೇ ಎಂದು ಟಿಎನ್‌ಎಫ್ ತಡೆಯುವ ಅಡಲಿಮುಮ್ಯಾಬ್ ಕೊಟ್ಟು ರಕ್ತನಾಳಗಳ ಉರಿಯೂತವನ್ನು ಅಳೆದಾಗ, ಚರ್ಮ ಸುಧಾರಿಸಿದರೂ ರಕ್ತನಾಳದಲ್ಲಿ ನಿರೀಕ್ಷಿಸಿದ ಬದಲಾವಣೆ ಕಾಣಲಿಲ್ಲ. ಚರ್ಮ ತಿಳಿಯಾಯಿತೆಂದು ಸಕ್ಕರೆ, ಕೊಲೆಸ್ಟ್ರಾಲ್, ರಕ್ತದೊತ್ತಡಗಳನ್ನು ಕಡೆಗಣಿಸುವುದು ಅಪಾಯಕರ ಎಂಬುದಕ್ಕೆ ಇದು ಸಾಕಷ್ಟು ಕಾರಣ.

ನಮ್ಮ ಆಸ್ಪತ್ರೆಗಳಲ್ಲಿ ಇದರ ಅರ್ಥ

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆ. ವಯಸ್ಕರಲ್ಲಿ ಸುಮಾರು 39.5% ಮಂದಿಗೆ ಹೊಟ್ಟೆಯ ಬೊಜ್ಜಿದೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ನಮ್ಮ ಮೈಕಟ್ಟಿನಲ್ಲಿ ಬಿಎಂಐ ಒಂದನ್ನೇ ನಂಬಿದರೆ ಮೋಸಹೋಗುತ್ತೇವೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಅಂಚಿಗೂ ನಡುವೆ, ಸಹಜವಾಗಿ ಉಸಿರು ಬಿಟ್ಟ ಕ್ಷಣದಲ್ಲಿ ಟೇಪು ಹಿಡಿದು ಅಳೆದಾಗ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಎಚ್ಚರಿಕೆ ಬೇಕು. ಒಂದು ನಿಮಿಷದ ಈ ಅಳತೆ ಪ್ರತಿಯೊಂದು ಚರ್ಮರೋಗ ಹೊರರೋಗಿ ವಿಭಾಗದಲ್ಲೂ ನಡೆಯಬೇಕು.

ಔಷಧದ ಆಯ್ಕೆಯನ್ನೇ ಈ ಅಳತೆ ಬದಲಿಸುತ್ತದೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ, ಅಗ್ಗದ, ಪರಿಣಾಮಕಾರಿ ಮಾತ್ರೆ ಮೆಥೋಟ್ರೆಕ್ಸೇಟ್. ಕೊಬ್ಬಿನ ಯಕೃತ್ತು, ಮಧುಮೇಹ, ಮದ್ಯಪಾನ ಇದ್ದವರಲ್ಲಿ ಅದರಿಂದ ಯಕೃತ್ತಿಗೆ ಹಾನಿಯಾಗುವ ಸಂಭವ ಹೆಚ್ಚು. ಸೈಕ್ಲೋಸ್ಪೋರಿನ್ ರಕ್ತದೊತ್ತಡ ಏರಿಸಬಲ್ಲದು, ಅಸಿಟ್ರೆಟಿನ್ ರಕ್ತದ ಕೊಬ್ಬನ್ನು ಏರಿಸಬಲ್ಲದು. ಟಿಎನ್‌ಎಫ್ ತಡೆಯುವ ಔಷಧ ಕೊಡುವ ಮೊದಲು ಅಡಗಿರುವ ಕ್ಷಯಕ್ಕೆ ಪರೀಕ್ಷೆ ಕಡ್ಡಾಯ. ಅವು ಕೆಲವರಲ್ಲಿ ತೂಕವನ್ನೂ ಹೆಚ್ಚಿಸುತ್ತವೆ. ದೇಹದ ತೂಕ ಹೆಚ್ಚಾದಂತೆ ಎಷ್ಟೋ ಜೈವಿಕ ಔಷಧಗಳ ಪರಿಣಾಮ ತಗ್ಗುತ್ತದೆ: ಉಸ್ಟೆಕಿನುಮ್ಯಾಬ್‌ನ ಪ್ರಮಾಣ 100 ಕಿಲೋ ಮೀರಿದವರಿಗೆ ದುಪ್ಪಟ್ಟು. ಆ ಮಟ್ಟದಲ್ಲಿ ತೂಕ ಇಳಿಸುವುದು ಚಿಕಿತ್ಸೆಯ ವೆಚ್ಚದ ಪ್ರಶ್ನೆಯೂ ಹೌದು.

ಬೊಜ್ಜು ಅಥವಾ ಮಧುಮೇಹಕ್ಕೆ ಹೇಗೂ ಔಷಧ ಬೇಕಿರುವ ಸೋರಿಯಾಸಿಸ್ ರೋಗಿಗೆ ವೈದ್ಯರು ಸೆಮಾಗ್ಲುಟೈಡ್ ಅಥವಾ ಟಿರ್ಜೆಪಟೈಡ್ ಆರಿಸುವುದಕ್ಕೆ ಈಗ ಹೆಚ್ಚಿನ ಕಾರಣವಿದೆ. ಸೋರಿಯಾಸಿಸ್ ಒಂದಕ್ಕೇ ಇವನ್ನು ಬರೆದುಕೊಡಲು ಬೇಕಾದಷ್ಟು ಆಧಾರ ಇನ್ನೂ ಇಲ್ಲ. ವಾಕರಿಕೆ, ವಾಂತಿ, ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜೀರಕ ಗ್ರಂಥಿಯ ಉರಿಯೂತ ಇವುಗಳ ಅಡ್ಡಪರಿಣಾಮಗಳು. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಗಮನಿಸಿದ ಅಧ್ಯಯನದಲ್ಲಿ, ಕಳೆದುಕೊಂಡ ತೂಕದ ಮೂರರಲ್ಲಿ ಎರಡು ಪಾಲು ಒಂದು ವರ್ಷದೊಳಗೆ ಮರಳಿತ್ತು. ತೂಕದ ಜೊತೆ ಚರ್ಮದ ಕಲೆಗಳೂ ಮರಳುತ್ತವೆಯೇ ಎಂಬುದನ್ನು ಮುಂದಿನ ಪ್ರಯೋಗಗಳು ಅಳೆಯಲೇಬೇಕು.

ಪಥ್ಯದ ವಿಷಯದಲ್ಲೂ ಎಚ್ಚರ ಬೇಕು. ನಂಜೆಂದು ಬದನೆಕಾಯಿ, ಮೀನು, ಮೊಟ್ಟೆ ಬಿಟ್ಟು, ಅದರ ಬದಲು ಅನ್ನ, ಬೇಕರಿ ತಿನಿಸು, ಸಿಹಿ ಕಾಫಿಗಳಲ್ಲೇ ದಿನ ಕಳೆಯುವವರಿಗೆ ಪ್ರೋಟೀನ್ ತಪ್ಪುತ್ತದೆ, ಸಕ್ಕರೆ ಏರುತ್ತದೆ. ಬದನೆಕಾಯಿ ಬಿಟ್ಟರೆ ಸೋರಿಯಾಸಿಸ್ ಇಳಿಯುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಒಟ್ಟು ಕ್ಯಾಲೊರಿ ಇಳಿಸಿದರೆ ತೂಕ ಹೆಚ್ಚಿರುವವರಿಗೆ ಅನುಕೂಲ ಎಂಬುದಕ್ಕೆ ಮೇಲೆ ಹೇಳಿದ ಪ್ರಯೋಗಗಳಿವೆ.

ಎಲ್ಲಕ್ಕಿಂತ ಹೆಚ್ಚು ಆತಂಕದ ಸಂಗತಿಯೆಂದರೆ ಸುದ್ದಿ ಓದಿ ಈಗಿನ ಚಿಕಿತ್ಸೆಯನ್ನು ಥಟ್ಟನೆ ನಿಲ್ಲಿಸುವುದು. ಹೆಸರು ಹೇಳದ ಪುಡಿಗಳಲ್ಲೋ ಔಷಧದಂಗಡಿಯಲ್ಲಿ ಕೇಳಿ ಪಡೆದ ಮಾತ್ರೆಗಳಲ್ಲೋ ಸ್ಟೀರಾಯ್ಡ್ ಸೇವಿಸುತ್ತಿರುವವರು ಅದನ್ನು ಒಮ್ಮೆಲೇ ಬಿಟ್ಟರೆ, ಮೈತುಂಬ ಕೀವುಗುಳ್ಳೆ ಏಳುವ ಅಥವಾ ಇಡೀ ಚರ್ಮ ಕೆಂಪಾಗಿ ಸುಲಿಯುವ ತುರ್ತು ಸ್ಥಿತಿ ತಲೆದೋರಬಹುದು. ಅಂಥವರು ಏನೇನು ಸೇವಿಸುತ್ತಿದ್ದಾರೋ ಅದೆಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಚರ್ಮವೈದ್ಯರ ಬಳಿಗೆ ಹೋಗಬೇಕು. ಬೆಳಗಿನ ಹೊತ್ತು ಕೀಲುಗಳು ಬಿಗಿದುಕೊಳ್ಳುತ್ತವೆಯೇ, ಉಗುರುಗಳಲ್ಲಿ ಗುಳಿ ಬಿದ್ದಿವೆಯೇ ಎಂಬುದನ್ನೂ ತಾವಾಗಿಯೇ ಹೇಳಬೇಕು. ಕೀಲುಗಳಿಗೆ ಹಬ್ಬುವ ಸೋರಿಯಾಸಿಸ್ ತಡವಾಗಿ ಪತ್ತೆಯಾದರೆ ಆದ ಹಾನಿಯನ್ನು ಯಾವ ಔಷಧವೂ ಸರಿಪಡಿಸಲಾರದು.